ಮಾವನ ಹೊಸ ಕಿವಿ

ಮಾರ್ಚ್ ೧೪, ಭಾನುವಾರ

ಚಿ. ಸೌ. ಸೊಸೆಗೆ ಆಶೀರ್ವಾದಗಳು. ನಿನಗೆ ಈಗ ಬೇರೆ ಅತ್ತೆ ಇದ್ದಾರೆಂಬುದು ಗೊತ್ತು. ಆದರೂ ನಾನು ಕರೆಯುವುದು ಹೀಗೇ.

ನಿನ್ನ ಪಾರ್ಸೆಲ್ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಕಿವಿಯ ಮಿಷನ್ ಕೆಲಸ ಮಾಡುತ್ತದೋ ಇಲ್ಲವೋ ನೋಡದೆ ಹೊಗಳುವ ಅಭ್ಯಾಸ ನನಗಿಲ್ಲ. ನೋಡಿದೆ. ಮಾಡುತ್ತದೆ. ಮಗ ಹೋದ ಮೇಲೆ ನಾನೇ ಮುಂದೆ ನಿಂತು ನಿನಗೆ ಮದುವೆ ಮಾಡಿ ಇನ್ನೊಂದು ಮನೆಗೆ ಕಳಿಸಿದೆ. ಆ ಮನೆಯಿಂದ ನೀನು ನಮಗೆ ಕಿವಿ ಕಳಿಸಿದ್ದೀಯ. ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ಮಾಡುವುದಿಲ್ಲ.

ನೌಕಾಪಡೆಯ ಹಡಗು ಕಟ್ಟುವ ಯಾರ್ಡಿನಲ್ಲಿ, ಹಡಗಿನ ಹೊಟ್ಟೆಯೊಳಗೆ ಕೂತು ಉಕ್ಕಿನ ತಗಡು ಜೋಡಿಸುವ ರಿವೆಟ್ ಮೊಳೆ ಬಡಿದು ಕಿವಿ ಕಳೆದುಕೊಂಡವರು ನಿನ್ನ ಮಾವ ಒಬ್ಬರೇ ಅಲ್ಲ. ನಮ್ಮ ಸಾಲಿನ ಮನೆಗಳಲ್ಲಿ ಗುಟ್ಟೆಂಬುದೇ ಇರಲಿಲ್ಲ. ಹೆಂಗಸರೆಲ್ಲ ಕೂಗಿಕೊಂಡೇ ಸಂಸಾರ ಮಾಡಿದೆವು. ಈಗ ಹಳೆಯ ರಿವೆಟ್ ಷೆಡ್ಡನ್ನು ಮ್ಯೂಸಿಯಂ ಮಾಡಿ, ಬಂದವರಿಗೆ ಯಾರ್ಡಿನ ಕಥೆ ಹೇಳಲು ಇವರನ್ನು ಕರೆದರಲ್ಲ, ಮತ್ತೆ ಪ್ರಾಯ ಬಂದ ಹಾಗಾಗಿತ್ತು. ಆದರೆ ಶಾಲೆಯ ಮಕ್ಕಳು ಬಾತ್‌ರೂಮ್ ಎಲ್ಲಿ ಎಂದು ಕೇಳಿದರೆ ಇವರು ಮೊದಲ ಹಡಗು ನೀರಿಗಿಳಿಸಿದ ಕಥೆ ಶುರು ಮಾಡುತ್ತಿದ್ದರು.

"ತಪ್ಪು ತಿಳ್ಕೋಬೇಡಿ ಅಮ್ಮ, ಇದೊಂದ್ ತಿಂಗಳು ನೋಡ್ತೀನಿ ಅಷ್ಟೆ," ಎಂದು ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ನನಗೆ ಹೇಳಿ ಹೋದಳು. ಆ ಕೆಲಸ ತಪ್ಪಿದ್ದರೆ ಇವರು ಹಾಸಿಗೆ ಹಿಡಿಯುತ್ತಿದ್ದರು. ಅಷ್ಟರಲ್ಲಿ ನಿನ್ನ ಪಾರ್ಸೆಲ್ ಬಂತು.

ಹೋದ ಶನಿವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮರದ ಹಡಗುಗಳ ತಳ ಕೆರೆದು ಡಾಂಬರು ಬಳಿಯುವ ಷೆಡ್ಡಾಗಿ ಯಾರ್ಡು ಶುರುವಾದದ್ದು, ಆಮೇಲೆ ಕಲ್ಲಿನ ಡಾಕ್ ಕಟ್ಟಿ, ಹಡಗು ಒಳಗೆ ಬಂದ ಮೇಲೆ ಬಾಗಿಲು ಹಾಕಿ ನೀರನ್ನೆಲ್ಲ ಪಂಪಿನಿಂದ ಹೊರಹಾಕತೊಡಗಿದ್ದು, ಯುದ್ಧದಲ್ಲಿ ಮಗ್ಗುಲು ಹರಿದುಕೊಂಡು ಬಂದ ಹಡಗಿಗೆ ಯಾರೂ ಮನೆಗೆ ಹೋಗದೆ ತೇಪೆ ಹಾಕಿ ಮತ್ತೆ ಕಾವಲಿಗೆ ಕಳಿಸಿದ್ದು, ಹೊರಗಿನವರಿಂದ ಕೊಳ್ಳುವುದು ಬಿಟ್ಟು ಯುದ್ಧನೌಕೆಗಳನ್ನು ನಾವೇ ಕಟ್ಟಿದ್ದು, ಎಲ್ಲ ಹೇಳಿದರು. ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಕೇಳಿದಳು: "ತಾತ, ಹಡಗುಗಳು ಇಲ್ಲಿಗೇ ಯಾಕೆ ವಾಪಸ್ ಬರ್ತವೆ?"

"ಹೆಣ್ಮಕ್ಕಳು ತವರಿಗೆ ಯಾಕ್ ಬರ್ತಾರೆ? ಸ್ವಲ್ಪ ದಿನ ಮೈ ಸುಧಾರಿಸ್ಕೊಂಡು ಹೋಗೋಕೆ."

ಎಲ್ಲರೂ ನಕ್ಕರು. ಅವಳು ಬಿಡಲಿಲ್ಲ. "ನೀವ್ ಕಟ್ಟಿದ್ ಹಡಗು ಯಾವ್ದಾದ್ರೂ ಮುಳುಗಿದ್ಯಾ?"

ಇದೊಂದು ಕೇಳಿಸದಿರಲಿ ಎಂದುಕೊಂಡೆ. ಕೇಳಿಸಿತು.

"ಒಂದು ಮುಳುಗ್ತು ಪುಟ್ಟಿ. ಅದ್ರಲ್ಲಿ ನನ್ ಮಗ ಇದ್ದ. ಮಿಕ್ಕಿದ್ವು ಇನ್ನೂ ಕಾವಲು ಕಾಯ್ತಾ ಇವೆ. ಬಾ, ಡಾಕ್ ತೋರಿಸ್ತೀನಿ."

ಮೇಡಂ ನನ್ನ ಪಕ್ಕ ಬಂದು, "ಇವ್ರೇ ಇರ್ಲಿ ಅಮ್ಮ," ಎಂದಳು. ಇರದೆ ಇನ್ಯಾರು ಇರುತ್ತಾರೆ ಎಂದೆ.

ಥ್ಯಾಂಕ್ಸ್ ಎಂಬ ಮಾತು ನನ್ನ ಬಾಯಲ್ಲಿ ತಿರುಗುವುದಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಯಜಮಾನರಿಗೂ ಮಗುವಿಗೂ ನನ್ನ ಆಯಸ್ಸೂ ಸೇರಲಿ.

ನಿನ್ನ ಅತ್ತೆ
(ಮೊದಲನೆಯವಳು)

ತಾ.ಕ.: ನೀನು ಬಂದಾಗ ಮಾವನ ಕಿವಿಯಲ್ಲಿ ಮಿಷನ್ ಇಲ್ಲದಿದ್ದರೆ ಬೈಯಬೇಡ, ಅದು ಕೆಟ್ಟಿಲ್ಲ. ಮಗ ಹೋದಾಗಿನಿಂದ ನಾನು ದಿನವೂ ಬಟ್ಟೆ ಒಗೆಯುವಾಗ ನಲ್ಲಿ ಜೋರಾಗಿ ಬಿಟ್ಟುಕೊಂಡು ಬಾಯಿಬಿಟ್ಟು ಅಳುತ್ತೇನೆ. ಇದು ಯಾರಿಗೂ ಗೊತ್ತಿರಲಿಲ್ಲ, ನಿನಗೂ. ನಡುಮನೆಯಲ್ಲಿ ಕೂತ ಇವರಿಗಂತೂ ಕೇಳಿಸುತ್ತಲೇ ಇರಲಿಲ್ಲ. ಮಿಷನ್ ಹಾಕಿಕೊಂಡ ಮರುದಿನ ಬಚ್ಚಲ ಬಾಗಿಲಿಗೆ ಬಂದು ನಿಂತರು. "ದಿನಾ ಹೀಗೇನಾ?" ಎಂದರು. ನಾನು ತಲೆ ಎತ್ತದೆ ಬಟ್ಟೆ ಹಿಂಡುತ್ತಿದ್ದೆ. ಅವರು ಮಿಷನ್ ಬಿಚ್ಚಿ ಡಬ್ಬಿಗೆ ಹಾಕಿದರು. "ಇದು ಮ್ಯೂಸಿಯಂಗಿರ್ಲಿ. ಮನೇಲಿ ನಂಗೆ ಕಿವಿ ಕೇಳ್ಸಲ್ಲ ಕಣೇ," ಎಂದು ಹೋಗಿ ನಡುಮನೆಯಲ್ಲಿ ಕೂತರು.