ತವರಿಗೆ ಹೊರಟ ಚೀಲ

ತ್ಯಾಮಗೊಂಡ್ಲು

ಬೈರಣ್ಣ ಮಾವನವರಿಗೆ ಶಾಮಲಾ ಮಾಡುವ ನಮಸ್ಕಾರ.

ನೀವು ನಮ್ಮ ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಕ್ಕನಿಗೆ, ಅಂದರೆ ನಮ್ಮ ಅತ್ತೆಗೆ, ಈಗ ಮರೆವಿನ ಕಾಯಿಲೆ. ನನ್ನ ಹೆಸರೂ ನೆನಪಿಲ್ಲ. ಹೋದ ತಿಂಗಳು ಫಿಟ್ಸ್ ಬಂದು ಬಿದ್ದಾಗ ಆಸ್ಪತ್ರೆ ಚೀಟಿಗೆ ಮನೆಯೆಲ್ಲ ತಡಕಾಡಿದೆವು. ಆಮೇಲೆ ತುರ್ತಿಗೆ ಕೈಗೆ ಸಿಗಲಿ ಅಂತ ಆ ಚೀಟಿ, ಎಲ್ಲರ ಮಾತ್ರೆ, ಟಾರ್ಚು, ನೀರಿನ ಬಾಟಲಿ, ಆಧಾರ್ ಜೆರಾಕ್ಸು ತುಂಬಿ ಒಂದು ಚೀಲ ಬಾಗಿಲ ಪಕ್ಕ ಇಟ್ಟೆ.

ಅತ್ತೆ ಅದನ್ನು ತವರಿಗೆ ಹೊರಟ ಚೀಲ ಅಂದುಕೊಂಡಿದ್ದಾರೆ. ಬೆಳಗಾದರೆ ಮಾತ್ರೆಗಳನ್ನೆಲ್ಲ ತೆಗೆದಿಟ್ಟು, ಒಳ್ಳೆ ಸೀರೆ ಮಡಚಿ ತುಂಬುತ್ತಾರೆ. ಜಗಲಿಯಲ್ಲಿ ಕೂತು, "ನಮ್ ಬೈರ ಬರ್ತಾನೆ ಕಣಮ್ಮ, ಗೌರಿ ಹಬ್ಬಕ್ಕೆ ಕರ್ಕೊಂಡೋಗಕ್ಕೆ" ಅನ್ನುತ್ತಾರೆ. ಸಂಜೆ ನಾನು ಸೀರೆ ತೆಗೆದು ಮತ್ತೆ ಮಾತ್ರೆ ತುಂಬುತ್ತೇನೆ.

ಜಮೀನು ಪಾಲಿನ ಜಗಳ ಅವರಿಗೆ ನೆನಪಿಲ್ಲ ಮಾವ. ಆ ಕಾಯಿಲೆ ಮಾಡಿದ ಉಪಕಾರ ಅದೊಂದೇ. ನಾವೂ ಆ ಮಾತು ಎತ್ತುವುದಿಲ್ಲ.

ನಿಮ್ಮ ಮುಖ ಅವರಿಗೆ ಇನ್ನೂ ಗೊತ್ತಾಗುವಾಗಲೇ ಒಂದು ದಿನ ಬನ್ನಿ. ಬೂದಿಗೆರೆಯ ತವರಿಗೆ ಕರೆದೊಯ್ಯುವುದು ಆಗದಿದ್ದರೆ ಬೇಡ. ಚೀಲ ಹಿಡಿದು ಬಸ್‌ಸ್ಟ್ಯಾಂಡ್‌ವರೆಗೆ ಅವರ ಜೊತೆ ನಡೆದರೂ ಸಾಕು.

ಈ ಸಂಜೆ ಮಾತ್ರೆಗಳನ್ನು ಬೇರೆ ಡಬ್ಬಿಗೆ ಹಾಕಿದೆ. ಚೀಲದಲ್ಲಿ ಸೀರೆಯನ್ನು ಹಾಗೇ ಬಿಟ್ಟಿದ್ದೇನೆ.

ನಿಮ್ಮ ಅಕ್ಕನ ಸೊಸೆ,
ಶಾಮಲಾ