ಸ್ವಲ್ಪ ಉರಿಯುತ್ತೆ, ತಡ್ಕೋ

ಪ್ರೀತಿಯ ಚಿನಕುರುಳಿಗೆ,

ಈ ಹೆಸರಿನಿಂದ ನಿನ್ನನ್ನು ಕರೆದು ಹದಿನಾಲ್ಕು ವರ್ಷವಾಯಿತು. ಈಗ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ನೀನು ವರ್ಷಕ್ಕೊಮ್ಮೆ ಬಂದು, ಎರಡು ದಿನ ನೆಂಟರಂತೆ ಕೂತು, ತಟ್ಟೆ ತೊಳೆದಿಟ್ಟು ಹೊರಟುಬಿಡುವವಳು. ಆ ಹೆಸರಿಗೂ ನಿನಗೂ ಸಂಬಂಧ ತಪ್ಪಿಸಿದವಳು ನಾನೇ ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತಿದ್ದೇನೆ.

ಬೆಳಗಿನಿಂದ ಇದು ನಾಲ್ಕನೇ ಹಾಳೆ. ಎರಡು ಸಾಲು ಬರೆಯುವುದು, ಎದ್ದು ಒಲೆ ಒರೆಸುವುದು, ಒಣಗಿದ ಬಟ್ಟೆ ಮಡಚಿ ಮತ್ತೆ ಬಿಚ್ಚಿ ಮಡಚುವುದು. ನಿನ್ನಮ್ಮ ಬಾಗಿಲ ಹತ್ತಿರ ಕೂತು ನೋಡಿ ನೋಡಿ, "ಯಾಕೆ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀಯಾ, ಒಂದು ಕಡೆ ಕೂತ್ಕೋ" ಅಂದರು. ನಾಲ್ಕು ದಿನದಲ್ಲಿ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ಕೂತೆ. ಕೂತರೂ ಕಾಲು ನಿಲ್ಲುತ್ತಿಲ್ಲ.

ನಾನು ನಿಮ್ಮ ಮನೆಗೆ ಸೊಸೆಯಾಗಿ ಬಂದಾಗ ನಿನಗೆ ಹತ್ತೊಂಬತ್ತು. ಪಾರ್ಲರಿನಲ್ಲಿ ಕೆಲಸ ಮಾಡುವ ಅತ್ತಿಗೆ ಸಿಕ್ಕಳೆಂದು ನಿನಗೆ ಎಷ್ಟು ಹಿಗ್ಗು. ನಿನ್ನಮ್ಮನಿಗೆ ಮಾತ್ರ ಆ ಕೆಲಸ ಹಿಡಿಸಿರಲಿಲ್ಲ. "ಕೆಲಸಕ್ಕೆ ಹೋಗು, ಬೇಡ ಅನ್ನಲ್ಲ. ಆ ಬಾಟಲಿ ಗೀಟಲಿ ಮನೆಗೆ ತರಬೇಡ" ಎಂದು ಮೊದಲ ವಾರವೇ ಹೇಳಿದ್ದರು. ನಾವಿಬ್ಬರೂ ಆ ಮಾತಿನಲ್ಲಿ ಸಂದು ಹುಡುಕಿದ್ದೆವು. ಬಾಟಲಿ ತಾನೇ ಬೇಡ? ಅಡುಗೆಮನೆಯ ಡಬ್ಬಿಗಳಿಗೆ ಯಾರ ಅಡ್ಡಿ?

ಶನಿವಾರ ಮಧ್ಯಾಹ್ನ ಅವರು ಮಲಗಿದ ಮೇಲೆ ಅಡುಗೆಮನೆಯ ಮೇಜು ನಮ್ಮದಾಗುತ್ತಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆದು, ಓಟ್ಸ್ ಪುಡಿಯನ್ನು ಮೊಸರಲ್ಲಿ ಕಲಸಿ ಸ್ಕ್ರಬ್ ಮಾಡಿಕೊಳ್ಳುತ್ತಿದ್ದೆವು. ನೀನು ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದೆ. "ಅದು ಮುಖ, ತಳ ಹಿಡಿದ ಪಾತ್ರೆ ಅಲ್ಲ. ಬೆರಳ ತುದಿಯಲ್ಲಿ ಸವರು, ವಾರಕ್ಕೆ ಒಂದು ಸಲ ಸಾಕು" ಎಂದು ನಾನು ನಿನ್ನ ಕೈ ಹಿಡಿಯುತ್ತಿದ್ದೆ. ಆಮೇಲೆ ಜೇಡಿಮಣ್ಣಿನ ಪ್ಯಾಕ್. ಅದನ್ನು ಹಚ್ಚಿಕೊಂಡು ನಗಬಾರದು, ಬಿರುಕು ಬಿಡುತ್ತದೆ. ನೀನು ಆಗಲೇ ಎದುರುಮನೆ ದರ್ಜಿ ಮಾತಾಡುವ ರೀತಿ ಅಣಕಿಸಿ ನನ್ನನ್ನು ನಗಿಸುತ್ತಿದ್ದೆ. ಹೊಸ ಮನೆಯಲ್ಲಿ ನನಗೆ ಉಸಿರಾಡಲು ಸಿಕ್ಕ ಜಾಗವೆಂದರೆ ಆ ಒಂದು ಗಂಟೆ. ನಿನಗೆ ಇದನ್ನು ಎಂದೂ ಹೇಳಲಿಲ್ಲ.

ಆಮೇಲೆ ನಿನಗೆ ಆ ದೊಡ್ಡ ಹೋಟೆಲಿನಿಂದ ಕರೆ ಬಂತು. ಸ್ವಾಗತದ ಮೇಜಿನ ಕೆಲಸ. ಮೊದಲ ಸುತ್ತು ದಾಟಿದ್ದೆ, ಎರಡನೆಯದಕ್ಕೆ ಆರು ದಿನವಿತ್ತು. ಕೆನ್ನೆಯ ಮೇಲಿನ ನಾಲ್ಕು ಮೊಡವೆ ಕಲೆಗಳನ್ನು ಕನ್ನಡಿಯಲ್ಲಿ ನೋಡಿ ನೋಡಿ ನೀನು ಪೇಚಾಡುತ್ತಿದ್ದೆ. ನಾನು ದೊಡ್ಡ ಜಾಣೆಯಂತೆ, "ನಂಗೆ ಬಿಡು, ನಾಲ್ಕು ದಿನದಲ್ಲಿ ಹೊಸ ಚರ್ಮ ಬರೋ ಹಾಗೆ ಮಾಡ್ತೀನಿ" ಅಂದೆ.

ಪಾರ್ಲರಿನ ಕಪಾಟಿನ ಮೇಲಿನ ಹಲಗೆಯಲ್ಲಿ ಒಂದು ಪುಟ್ಟ ಸೀಸೆ ಇರುತ್ತಿತ್ತು. ಮೇಲಿನ ಪದರ ಸುಲಿಯುವ ಪೀಲ್. ಅದನ್ನು ನಮ್ಮ ಮೇಡಂ ಒಬ್ಬರೇ ಮುಟ್ಟುತ್ತಿದ್ದರು, ನೀರು ಬೆರೆಸಿ, ಗಡಿಯಾರ ಎದುರಿಗಿಟ್ಟುಕೊಂಡು. ಅವರನ್ನು ಕೇಳದೆ ಬ್ಯಾಗಿಗೆ ಹಾಕಿಕೊಂಡು ಬಂದೆ. ಕಿವಿಯ ಹಿಂದೆ ಹಚ್ಚಿ ಒಂದು ದಿನ ಕಾದು ನೋಡಬೇಕೆಂದು ದಿನಕ್ಕೆ ಹತ್ತು ಜನರಿಗೆ ಹೇಳುವವಳು ನಾನು. ಸ್ಕ್ರಬ್ ಮಾಡಿದ ಮುಖಕ್ಕೆ ಅದನ್ನು ಸೋಕಿಸಲೇಬಾರದೆಂದೂ ಗೊತ್ತಿತ್ತು. ಅವತ್ತು ಎರಡನ್ನೂ ಮರೆತೆ. ಮರೆತೆ ಎನ್ನುವುದೂ ಸುಳ್ಳು. ನಿನ್ನ ಮುಂದೆ ಮಾಯಗಾತಿಯಾಗುವ ಆತುರದಲ್ಲಿ ಬದಿಗಿಟ್ಟೆ.

ಸ್ಕ್ರಬ್ ಮುಗಿಸಿ ಎಡಗೆನ್ನೆಗೆ ಮೊದಲು ಹಚ್ಚಿದೆ. "ಅತ್ತಿಗೆ, ಉರೀತಿದೆ" ಅಂದೆ ನೀನು. "ಸ್ವಲ್ಪ ಉರಿಯುತ್ತೆ, ತಡ್ಕೋ. ಉರಿದ್ರೆ ಕೆಲಸ ಮಾಡ್ತಿದೆ ಅಂತ. ಮೂರು ನಿಮಿಷ, ಏಳಬೇಡ" ಎಂದು ಬಟ್ಟೆ ತರಲು ಮಹಡಿಗೆ ಹೋದೆ. ಅಲ್ಲಿ ಪಕ್ಕದ ಮನೆಯವರು ಮಾತಿಗೆ ಸಿಕ್ಕರು. ಏನು ಮಾತಾಡಿದೆವೋ, ದೇವರಾಣೆಗೂ ನೆನಪಿಲ್ಲ. ಕೆಳಗೆ ಬಂದಾಗ ಕಾಲು ಗಂಟೆ ದಾಟಿತ್ತು. ನಾನು ಹೋಗುವಾಗ ನೀನು ಹೇಗೆ ಕೂತಿದ್ದೆಯೋ ಹಾಗೇ ಕೂತಿದ್ದೆ. ಎರಡೂ ಕೈಗಳಿಂದ ಕುರ್ಚಿಯ ಅಂಚು ಹಿಡಿದಿದ್ದೆ. ಕಣ್ಣಿನ ನೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಏಳಬೇಡ ಅಂದಿದ್ದೆನಲ್ಲ, ಎದ್ದಿರಲಿಲ್ಲ.

ನೀರು ಸುರಿದ ಸದ್ದಿಗೆ ನಿನ್ನಮ್ಮ ಎದ್ದು ಬಂದರು. ಮೇಜಿನ ಮೇಲೆ ಸೀಸೆ, ನಿನ್ನ ಕೆನ್ನೆ ಬೆಂದ ಹಾಗೆ. ಅವರು ನನ್ನ ಮುಖ ನೋಡುವ ಮೊದಲೇ ನನ್ನ ನಾಲಿಗೆ ಹೊರಳಿತು. "ಬಟ್ಟೆ ತರೋಕೆ ಹೋಗಿದ್ದೆ ಅತ್ತೆ. ಅಷ್ಟರಲ್ಲಿ ಅವಳೇ ನನ್ನ ಬ್ಯಾಗಿಂದ ತೆಗೆದು ಹಚ್ಕೊಂಡಿದ್ದಾಳೆ." ಒದ್ದೆ ಟವೆಲಿನ ಮೇಲಿಂದ ನಿನ್ನ ಒಂದು ಕಣ್ಣು ನನ್ನನ್ನು ನೋಡಿತು. ನಾನು ನೆಲ ನೋಡಿದೆ. "ಹೂಂ ಅಮ್ಮ, ನಾನೇ" ಅಂದೆ ನೀನು.

ಅಷ್ಟೇ. ಏಳು ತಿಂಗಳ ಸೊಸೆ ಮನೆಯಲ್ಲಿ ಉಳಿದಳು, ಕೆಲಸವೂ ಉಳಿಯಿತು. ಆರನೇ ದಿನ ನೀನು ಕೆನ್ನೆಯ ಮೇಲೆ ಕೂದಲು ಇಳಿಬಿಟ್ಟುಕೊಂಡು ಹೋಟೆಲಿಗೆ ಹೋದೆ. ಅವರು ಮರ್ಯಾದೆಯಿಂದಲೇ ಮಾತಾಡಿ, ಒಳಗಿನ ಕೆಲಸ ಆಗಬಹುದಾ ಎಂದು ಕೇಳಿದರಂತೆ. ಹಾಸುಬಟ್ಟೆಗಳ ಕೋಣೆ. ಒಪ್ಪಿಕೊಂಡು ಬಂದೆ. ಇವತ್ತು ಇನ್ನೊಂದು ಊರಿನ ಹೋಟೆಲಿನಲ್ಲಿ ನೂರಿಪ್ಪತ್ತು ಕೋಣೆಗಳ ಹಾಸಿಗೆ ಹೊದಿಕೆಯೆಲ್ಲ ನಿನ್ನ ಉಸ್ತುವಾರಿಯಲ್ಲಿದೆ, ಹದಿನೆಂಟು ಜನ ನಿನ್ನ ಮಾತು ಕೇಳುತ್ತಾರೆ. ನಿಮ್ಮಣ್ಣ ಇದನ್ನು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಜನರೊಂದಿಗೆ ಹರಟಲೆಂದೇ ಹುಟ್ಟಿದ್ದವಳು ನೀನು. ಬೆಳ್ಳಗಿನ ಬಟ್ಟೆಯ ರಾಶಿಯ ನಡುವೆ ದಿನವಿಡೀ ಯಾರೊಡನೆ ಮಾತಾಡುತ್ತೀಯೋ ಎಂದು ನಾನು ಮಾತ್ರ ಯೋಚಿಸುತ್ತೇನೆ.

ಒಮ್ಮೆ ಬಸ್‌ ನಿಲ್ದಾಣದಲ್ಲಿ ಬಾಯಿ ತೆರೆದಿದ್ದೆ, ನೆನಪಿದೆಯಾ? "ಅವತ್ತು ನಾನು…" ಎನ್ನುವಷ್ಟರಲ್ಲಿ, "ಬಿಡಿ ಅತ್ತಿಗೆ, ಬಸ್ ಬಂತು" ಅಂದೆ ನೀನು. ಬಸ್ ಬಂದದ್ದು ಹತ್ತು ನಿಮಿಷದ ಮೇಲೆ.

ಈಗ ಇದೆಲ್ಲ ಎದ್ದದ್ದು ನನ್ನ ಮಗಳಿಂದ. ಅವಳಿಗೆ ಹನ್ನೆರಡಾಯಿತು, ಮೂಗಿನ ಮೇಲೆ ಒಂದು ಮೊಡವೆ ಬಂದಿದೆ. ಫೋನಿನಲ್ಲಿ ಯಾರದ್ದೋ ವಿಡಿಯೊ ನೋಡಿಕೊಂಡು ದಿನಕ್ಕೆರಡು ಸಲ ಸ್ಕ್ರಬ್ ಹಾಕಿ ಉಜ್ಜುತ್ತಿದ್ದಳು. ನಿನ್ನಮ್ಮ ಅದನ್ನು ನೋಡಿ, "ನಿಮ್ಮತ್ತೆನೂ ಹೀಗೇ, ಹೇಳದೆ ಕೇಳದೆ ಕದ್ದು ಹಚ್ಕೊಂಡು ಮುಖ ಸುಟ್ಕೊಂಡಳು" ಅಂದರು. ಎಷ್ಟು ಸಲ ಕೇಳಿದ ಮಾತು. ನುಂಗಿ ನುಂಗಿ ರೂಢಿಯಾಗಿತ್ತು. ಮಗಳು ನೇರವಾಗಿ ನನ್ನ ಬಳಿ ಬಂದು, "ಅಮ್ಮ, ಅತ್ತೆ ಕಳ್ಳಿನಾ?" ಎಂದು ಕೇಳಿದಳು.

ನಿನ್ನಮ್ಮ ಬಟಾಣಿ ಸುಲಿಯುತ್ತಿದ್ದರು. ಅವರ ಎದುರಿಗೆ ಹೋಗಿ ನಿಂತೆ. ಸೀಸೆ ಕದ್ದದ್ದು ನಾನು, ಹಚ್ಚಿದ್ದು ನಾನು, ಬಿಟ್ಟು ಹೋದದ್ದು ನಾನು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಬೈಯಲಿಲ್ಲ. ಬುಟ್ಟಿ ಖಾಲಿಯಾಗುವವರೆಗೆ ಸುಲಿದರು. ಆಮೇಲೆ, "ಅವಳು ಅತ್ತಳಾ ಅವತ್ತು?" ಎಂದು ಕೇಳಿದರು.

"ಕೂತ ಕಡೆಯೇ ಅಳ್ತಿದ್ದಳು. ಎದ್ದಿರಲಿಲ್ಲ."

ಸಿಪ್ಪೆಯನ್ನೆಲ್ಲ ಒಟ್ಟುಮಾಡುತ್ತ ಹೇಳಿದರು: "ಅವಳು ಬಂದಾಗೆಲ್ಲ, ಊಟಕ್ಕೆ ಕೂತಾಗ, ಕದ್ದು ಹಚ್ಕೊಂಡಳು ಅಂತ ನಾನು ಅಂತಿದ್ದೆ. ನೀನು ಬಡಿಸ್ತಾ ಇರ್ತಿದ್ದೆ."

ಈ ನಾಲ್ಕು ದಿನ ನಾನು ಕೂರಲಾಗದೆ ಓಡಾಡುತ್ತಿರುವುದು ಆ ಮಾತಿಗೆ. ಸುಳ್ಳು ಹೇಳಿದ್ದು ಒಂದು ಸಲ, ಹೆದರಿಕೆಯಿಂದ. ಬಡಿಸಿದ್ದು ಹದಿನಾಲ್ಕು ವರ್ಷ, ಸೌಟು ನಡುಗದ ಹಾಗೆ. ನಿಮ್ಮಣ್ಣ ನನ್ನೊಡನೆ ಹಾಲು, ಗೇಟು, ಕರೆಂಟು ಇಷ್ಟರ ಮಾತು ಮಾತ್ರ ಆಡುತ್ತಿದ್ದಾರೆ. ಅದು ನ್ಯಾಯವೇ. ಮಗಳಿಗೂ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಇದನ್ನ ಅತ್ತೆಗೆ ಹೇಳಿದ್ಯಾ?" ಅಂದಳು. ಅತ್ತೆಗೆ ಗೊತ್ತೇ ಇದೆಯಲ್ಲ ಅಂದೆ. "ಅವರಿಗೆ ಗೊತ್ತಿರೋದು ಬಿಡು. ನೀನು ಹೇಳಿದ್ಯಾ?"

ಅದಕ್ಕೇ ಈ ಪತ್ರ. ನಿನ್ನಮ್ಮ ನಾಳೆ ಬೆಳಗಿನ ಬಸ್ಸಿಗೆ ನಿನ್ನೂರಿಗೆ ಹೊರಟಿದ್ದಾರೆ. ಅವರ ಕೈಗೆ ಕೊಟ್ಟು ಕಳಿಸುತ್ತೇನೆಂದರೆ, "ನಾನೇನು ಅಂಚೆಯವಳಾ? ನಿನಗೂ ಸೇರಿಸಿ ಟಿಕೆಟ್ ತೆಗೆಸಿದ್ದೀನಿ" ಅಂದರು. ಬರುತ್ತಿದ್ದೇನೆ. ಕ್ಷಮೆ ಕೇಳಿ ಅವರಿಗೆ ಅಭ್ಯಾಸವಿಲ್ಲ. ಬಾಗಿಲಲ್ಲಿ ನಿಂತು ನೀನು ಸೊರಗಿದ್ದೀಯ ಎಂದು ಗದರಿದರೆ ಅದನ್ನೇ ಕ್ಷಮೆ ಎಂದು ತಿಳಿದುಕೋ. ನಾನು ಮಾತ್ರ ಬಾಯಿ ಬಿಟ್ಟು ಹೇಳಬೇಕೆಂದಿದ್ದೇನೆ. ನೀನು ಈ ಹಾಳೆ ಓದುತ್ತಿದ್ದೀಯ ಎಂದರೆ, ನನಗೆ ಬಾಯಿ ಬರಲಿಲ್ಲ, ಇದನ್ನು ಅಮ್ಮನ ಕೈಗಿತ್ತು ಕೆಳಗೇ ಉಳಿದೆ ಎಂದರ್ಥ. ನಿನ್ನ ಮನೆಯ ಮೆಟ್ಟಿಲ ಬುಡದಲ್ಲಿ ಇದ್ದೇನೆ. ಸಂಜೆಯ ಬಸ್ಸಿನವರೆಗೂ ಇರುತ್ತೇನೆ. ಅಮ್ಮನನ್ನು ಒಳಗೆ ಕರೆದುಕೋ. ನನ್ನನ್ನು ಕರೆಯಲೇಬೇಕೆಂದಿಲ್ಲ. ಕಿಟಕಿಯಿಂದ ಬೈಯಬೇಕೆನಿಸಿದರೆ ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಬೈ.

ನೀನು ಚೆನ್ನಾಗಿರು, ತಾಯಿ. ಇನ್ನು ಮೇಲೆ ಯಾರಿಗಾಗಿಯೂ ನೋವನ್ನು ನುಂಗಿಕೊಂಡು ಕೂರುವ ಕಾಲ ನಿನಗೆ ಬಾರದಿರಲಿ.

ಕೆಳಗೆ ಕಾದಿರುವ,
ನಿನ್ನ ಅತ್ತಿಗೆ