ತಿಕ್ಕಿದ ಗಂಟು

೧ ಫೆಬ್ರವರಿ ೨೦೦೮, ಶುಕ್ರವಾರ
ಎರಡು ಗಾದಿ ಹೊಲಿದು ಮುಗಿಸಿದೆ. ಕಿವಿಯೊಳಗೂ ಹತ್ತಿ. ಶುಕ್ರವಾರದ ಅಳತೆ — ಅವ್ವನ ಕೊರಳಿಗೆ ಗಾದಿ ದಾರ ಸುತ್ತಿ ನೋಡಿದೆ. ಹೋದ ವಾರದ ಗುರುತಿಗೇ ಬಂತು. ಥೈರಾಯ್ಡ್ ಗಂಟು ಬೆಳೆದಿಲ್ಲ.

ರೋಣದ ಆಸ್ಪತ್ರೆಯಿಂದ ಗಂಟಿನ ಸೂಜಿ ಟೆಸ್ಟಿನ ರಿಪೋರ್ಟ್ ಬಂತು. ಕ್ಯಾನ್ಸರ್ ಹೌದು ಎಂದಿಲ್ಲ, ಅಲ್ಲ ಎಂದೂ ಇಲ್ಲ. ಅರ್ಧ ಗ್ರಂಥಿ ತೆಗೆದು ನೋಡೋಣ ಅಂದರು ಸರ್ಜನ್. ಧ್ವನಿಯ ನರ ಪಕ್ಕದಲ್ಲೇ ಇದೆಯಂತೆ. ಪೆಟ್ಟಾದರೆ ಧ್ವನಿ ಹೋಗಬಹುದು. ಮಾರ್ಚ್ ಮೂರಕ್ಕೆ ಆಪರೇಶನ್, ಅದಕ್ಕೂ ಮೊದಲು ನರಗುಂದದಲ್ಲಿ ಸ್ಕ್ಯಾನ್.

‘ಧ್ವನಿ ಹೋದ್ರ ಓಣಿ ಹುಡುಗ್ಯಾರಿಗೆ ಕುರಾನ ಹ್ಯಾಂಗ ಓದಸ್ಲಿ? ಕೈಸನ್ನಿ ಮಾಡ್ಲ್ಯಾ?’ ಅವ್ವ ನಕ್ಕಳು. ನನಗೆ ನಗಲು ಆಗಲಿಲ್ಲ.

೯ ಫೆಬ್ರವರಿ
ಪಕ್ಕದ ಮನೆಯ ಕಾಶಿಬಾಯಿ ಆಯಿ ಇವತ್ತೂ ಬಂದಳು. ಐದನೇ ದಿನ. ಓಣಿಯಲ್ಲಿ ಯಾರ ಕಾಲು ಉಳುಕಿದರೂ ತಿಕ್ಕುವುದು ಅವಳೇ. ಚಹಾ ಸಹ ಮುಟ್ಟುವುದಿಲ್ಲ. ಬಿಸಿ ಔಡಲೆಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಗಂಟನ್ನು ಒತ್ತಿ ಒತ್ತಿ ಇಳಿಸುತ್ತಾಳೆ. ಅವ್ವನ ಕಣ್ಣಲ್ಲಿ ನೀರು.

‘ಕರಗ್ತೈತಿ ತಗೋ ಖತೀಜಾ. ನಾ ಕರಗಿಸದ ಗಂಟ ಈ ಗಜೇಂದ್ರಗಡದಾಗ ಇನ್ನಾ ಹುಟ್ಟಿಲ್ಲ.’

ಎಣ್ಣೆ ಬಟ್ಟಲು ಹಿಡಿದವಳು ನಾನೇ. ಬೇಡ ಅನ್ನಲಿಲ್ಲ.

೧೫ ಫೆಬ್ರವರಿ, ಶುಕ್ರವಾರ
ದಾರ ಸಾಲಲಿಲ್ಲ. ಹಳೇ ಗುರುತಿಗೆ ಒಂದು ಬೆರಳಗಲ ಕಡಿಮೆ ಬಿತ್ತು. ಗಂಟು ದಪ್ಪವಾಗಿದೆ.

೨೦ ಫೆಬ್ರವರಿ, ರಾತ್ರಿ
ನರಗುಂದ. ಸ್ಕ್ಯಾನ್ ಮಾಡಿದವರು ಡಾಕ್ಟರ್ ಅರ್ಚನಾ. ಪರದೆಯ ಮೇಲೆ ಬೂದಿ ಬಣ್ಣ, ನಡುವೆ ಕಪ್ಪು ಮಚ್ಚೆ. ಅಂಚು ಕಿತ್ತ ಹತ್ತಿಯ ಹಾಗೆ. ಬಹಳ ಹೊತ್ತು ನೋಡಿದರು.

‘ಸೂಜಿ ಹಾಕಿದ ಮ್ಯಾಲ ಇದಕ್ಕ ಏನರ ಮಾಡೀರೇನ್ರಿ?’

‘ಏನಿಲ್ರಿ,’ ಅಂದಳು ಅವ್ವ.

‘ಐದ ದಿನ ತಿಕ್ಕಿಸ್ಕೊಂಡಾಳ್ರಿ,’ ಅಂದೆ ನಾನು.

ಡಾಕ್ಟರ್ ಕೈ ನಿಂತಿತು. ‘ಹಂಗಾರ ಒಳಗ ರಕ್ತ ಇಳದಿರಬೇಕು. ಹೆಪ್ಪುಗಟ್ಟಿದ ರಕ್ತಾನೂ ಹಿಂಗ ಕಾಣ್ತೈತಿ, ಕ್ಯಾನ್ಸರೂ ಹಿಂಗ ಕಾಣ್ತೈತಿ. ಈ ಚಿತ್ರ ನಂಬಿ ನಾ ಏನೂ ಬರಿಯಂಗಿಲ್ಲ. ಎರಡ ತಿಂಗಳ ಬಿಟ್ಟ ಬರ್ರಿ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ.’ ಸರ್ಜನ್‌ಗೆ ಫೋನ್ ಮಾಡಿದರು. ಆಪರೇಶನ್ ಮುಂದಕ್ಕೆ.

ಬಸ್ಸು ರೋಣ ದಾಟಿದ ಮೇಲೆ ಅವ್ವ ಅಂದಳು — ‘ಒಂಬತ್ತನೇತ್ತಕ್ಕ ಸಾಲಿ ಬಿಟ್ಟಿ. ಈ ಬಾಯಿ ಒಂದ ಬಿಡಲಿಲ್ಲ ನೋಡ. ಪಾಪ, ಆಯಿಗೆ ಕೆಟ್ಟ ಹೆಸರು.’

ಡಾಕ್ಟರಿಗೆ ಆಯಿಯ ಹೆಸರು ಹೇಳಿರಲಿಲ್ಲ ನಾನು.

೩ ಮಾರ್ಚ್
ಇಂದು ಆಪರೇಶನ್ ಆಗಬೇಕಿತ್ತು. ಅದು ಕ್ಯಾನ್ಸರೇ ಆಗಿದ್ದರೆ? ನನ್ನ ಒಂದು ಮಾತಿಗೆ ಎರಡು ತಿಂಗಳು... ಸುಮ್ಮನಿದ್ದರೆ ಈ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಹೊಲಿಗೆ ಪೂರಾ ಸೊಟ್ಟ. ಬಿಚ್ಚಿದೆ.

ಕಾಶಿ ಆಯಿಗೆ ಹೇಗೋ ಗೊತ್ತಾಗಿದೆ. ಹೋದ ವಾರ ಬಾಗಿಲಲ್ಲಿ ನಿಂತು ತನ್ನ ಕೈ ತಾನೇ ನೋಡಿಕೊಂಡಳು. ‘ನನ್ನ ಬೆರಳಿಗೇ ರಗತ ಇಳೀತೇನ ಯವ್ವಾ?’ ಹೌದು ಅಂದೆ. ಅಂದಿನಿಂದ ಯಾರ ಕಾಲನ್ನೂ ಮುಟ್ಟುತ್ತಿಲ್ಲವಂತೆ.

೨೧ ಏಪ್ರಿಲ್
ಮತ್ತೆ ನರಗುಂದ. ರಕ್ತ ಇಂಗಿದೆ. ‘ಈಗ ಚೊಕ್ಕ ಕಾಣ್ತೈತಿ,’ ಅಂದರು ಡಾಕ್ಟರ್. ನನಗೆ ಒಮ್ಮೆಲೇ ಹಗುರಾಯಿತು. ಆಮೇಲೆ ಬೆರಳಿಟ್ಟು ತೋರಿಸಿದರು. ರಕ್ತ ಇದ್ದ ಜಾಗದ ಹಿಂದೆ ಇನ್ನೊಂದು ಸಣ್ಣ ಗಂಟು, ಒಳಗೆ ಬಿಳಿ ಚುಕ್ಕೆಗಳು. ಅನುಮಾನ ಬಹಳ ಇದೆ. ಅರ್ಧ ತೆಗೆದರೆ ಸಾಲದು, ಪೂರ್ತಿ ತೆಗೆಯಬೇಕಾಗಬಹುದು. ಸರ್ಜನ್‌ಗೆ ಜಾಗ ಗುರುತು ಮಾಡಿ ಚಿತ್ರ ಬರೆದುಕೊಟ್ಟರು.

‘ತಿಕ್ಕಿದ್ದಕ್ಕ ಬಂತೇನ್ರಿ?’ ಕೇಳಿದೆ.

‘ಇಲ್ಲವಾ. ಇದು ಮೊದಲಿಂದ ಐತಿ.’

ಬಸ್ ಸ್ಟ್ಯಾಂಡಿನಲ್ಲಿ ಅವ್ವ ನನ್ನ ಕೈ ಹಿಡಿದಳು. ‘ನೀ ಸುಳ್ಳ ಹೇಳಂಗಿಲ್ಲ. ಧ್ವನಿ ಉಳೀತೈತೇನ?’

‘ಗೊತ್ತಿಲ್ಲಬೇ.’

‘ಆತು. ಆಯಿಗೆ ಇದನ್ನೆಲ್ಲ ಹೇಳಬ್ಯಾಡ.’

‘ಕೇಳಿದ್ರ?’

ಅವ್ವ ಸೆರಗನ್ನು ಕೊರಳಿಗೆ ಎಳೆದುಕೊಂಡಳು. ‘ಅಕಿ ಕೈಯಿಂದ ಬಂದಿದ್ದಲ್ಲ ಅಂತ ಹೇಳ. ಅದಂತೂ ಖರೇನ ಐತೆಲ್ಲ.’

೨೨ ಏಪ್ರಿಲ್, ಸಂಜೆ
ಬರುವ ಸೋಮವಾರ ಆಪರೇಶನ್. ಒಳಗೆ ಅವ್ವ ಹುಡುಗಿಯರಿಗೆ ಓದಿಸುತ್ತಿದ್ದಾಳೆ. ದಿನದಕ್ಕಿಂತ ದೊಡ್ಡ ಧ್ವನಿ. ಮುಗಿದ ಪಾಠವನ್ನೇ ಮತ್ತೆ ಮೊದಲಿನಿಂದ.

ಕಾಶಿ ಆಯಿ ಹೊಸ್ತಿಲ ಹೊರಗೆ ಕೂತಿದ್ದಾಳೆ. ಕೈ ಸೆರಗಿನೊಳಗೆ. ‘ಜಬೀನಾ, ಡಾಕ್ಟರ್ ಏನಂದ್ರ? ಖರೇ ಹೇಳ.’

‘ಬಂದೆ ಆಯಿ,’ ಅಂದೆ. ‘ನಿನ್ನ ಕೈಯಿಂದ ಅಲ್ಲ’ ಅಂತ ಮೊದಲು ಹೇಳುತ್ತೇನೆ. ಆಮೇಲೆ ಅವಳು ಮತ್ತೆ ಕೇಳಿದರೆ, ಅವ್ವ ಹೇಳಬೇಡ ಅಂದ ಇನ್ನೊಂದು ಗಂಟಿನ ಮಾತನ್ನೂ —